ಜಿಂಕೆಗೆಂದು ಚೆಲ್ಲಿದ ಜೋಳ ದನಕ್ಕೆ ಸಿಗದಂತೆ: ಫೀಡರ್ ಸುತ್ತ ಯಾವ ಬೇಲಿ ಹಾಕಬೇಕು?

ಟೆಕ್ಸಾಸ್‌ನ ಲಾನೋ ಕೌಂಟಿಯಲ್ಲಿ ನಾವು ನಾಲ್ಕು ಕನ್ನಡ ಕುಟುಂಬಗಳು ಸೇರಿ 200 ಎಕರೆ ಕೊಂಡೆವು. ಮೊದಲ ಚಳಿಗಾಲದಲ್ಲೇ ಒಂದು ಜಿಂಕೆ ಫೀಡರ್, ಅಂದರೆ ಕಾಡುಜಿಂಕೆಗಳಿಗೆ ಕಾಳು ಹಾಕುವ ಯಂತ್ರ, ನೆಟ್ಟೆವು. ಆ ವರ್ಷ ಹಾಕಿದ ಮುಸುಕಿನ ಜೋಳದಲ್ಲಿ ಜಿಂಕೆಗಳ ಪಾಲಿಗೆ ಬಂದದ್ದು ಬಹಳ ಕಡಿಮೆ. ಬೆಳಗಿನ ಜಾವ ಮೋಟಾರ್ ತಿರುಗುವ ಸದ್ದು ಕೇಳಿದ್ದೇ ತಡ, ನಮ್ಮ ಹುಲ್ಲನ್ನು ಗುತ್ತಿಗೆಗೆ ಪಡೆದ ನೆರೆಯ ರೈತರ ಹತ್ತು ಹಸುಗಳು ಬಾಲ ಎತ್ತಿಕೊಂಡು ಓಡಿಬರುತ್ತಿದ್ದವು. ಜಿಂಕೆಗಳು ದೂರದ ಓಕ್ ಮರಗಳ ಮರೆಯಲ್ಲಿ ನಿಂತು ನೋಡುತ್ತಿದ್ದವು. ಫೆಬ್ರವರಿಯ ಹೊತ್ತಿಗೆ ಒಂದು ಹಸು ಮೈ ಉಜ್ಜಿ ಉಜ್ಜಿ ಫೀಡರ್‌ನ ಮೂರು ಕಾಲುಗಳಲ್ಲಿ ಒಂದನ್ನು ಬಗ್ಗಿಸಿತ್ತು. ಧಾರವಾಡದ ಕಡೆಯವನಾದ ನನಗೆ ಇದರಲ್ಲಿ ಅಚ್ಚರಿ ಕಾಣಲಿಲ್ಲ. ಮೈಸೂರಿನವರು ಮುಸುಕಿನ ಜೋಳ ಎನ್ನುವುದನ್ನು ನಮ್ಮಲ್ಲಿ ಗೋವಿನಜೋಳ ಎಂದೇ ಕರೆಯುತ್ತಾರೆ. ಆ ಕಾಳಿನ ರುಚಿ ಕಂಡ ದನ ತುಡುಗು ಮೇಯುವುದನ್ನು ತಾನಾಗಿ ಬಿಡುವುದಿಲ್ಲ.

ಅಲ್ಲಿಂದ ಈಚೆಗೆ ಮೂರು ಬಗೆಯ ಬೇಲಿ ಕಟ್ಟಿ, ಒಂದನ್ನು ಕಿತ್ತು, ಒಂದನ್ನು ತಿದ್ದಿ, ಒಂದನ್ನು ಉಳಿಸಿಕೊಂಡಿದ್ದೇವೆ. ಆಸ್ಟಿನ್, ರೌಂಡ್ ರಾಕ್, ಸೆಡಾರ್ ಪಾರ್ಕ್ ಕಡೆ ಇದ್ದುಕೊಂಡು ಇಂಥ ಜಮೀನು ಕೊಂಡಿರುವ ಅಥವಾ ಕೊಳ್ಳಬೇಕೆಂದಿರುವ ನಮ್ಮವರಿಗೆ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಒಂದೇ ನೆಲದಲ್ಲಿ ದನವೂ ಫೀಡರ್ ಕೂಡ ಏಕೆ ಇರುತ್ತವೆ ಎಂಬುದನ್ನು ಮೊದಲು ಹೇಳಬೇಕು. ಟೆಕ್ಸಾಸ್‌ನ ಶೇ. 95ಕ್ಕೂ ಹೆಚ್ಚು ನೆಲ ಖಾಸಗಿಯವರದು. ನಮ್ಮ ಊರಿನ ಗೋಮಾಳದ ಹಾಗೆ ಎಲ್ಲರ ದನವೂ ಮೇಯುವ ಜಾಗ ಇಲ್ಲಿ ಇಲ್ಲವೆಂದರೂ ಸರಿ. ಇಲ್ಲಿಯ ಹಂಚಿಕೆಯ ರೀತಿ ಬೇರೆ: ಮಾಲೀಕನು ಹುಲ್ಲನ್ನು ದನ ಸಾಕುವವರಿಗೆ ಗುತ್ತಿಗೆ ಕೊಡುತ್ತಾನೆ, ಅದೇ ನೆಲದ ಬೇಟೆಯ ಹಕ್ಕನ್ನು ಮತ್ತೊಬ್ಬರಿಗೆ ಕೊಡುತ್ತಾನೆ. ಬೇಟೆಯಾಡದ ನಮ್ಮಂಥವರೂ ಫೀಡರ್ ಇಡುವುದಕ್ಕೆ ಇನ್ನೊಂದು ಕಾರಣವಿದೆ. 1995ರಲ್ಲಿ ಆದ ಸಂವಿಧಾನ ತಿದ್ದುಪಡಿಯಿಂದಾಗಿ, ಮೊದಲೇ ಕೃಷಿ ತೆರಿಗೆ ದರದಲ್ಲಿರುವ ಜಮೀನಿನ ಮಾಲೀಕ ವನ್ಯಜೀವಿ ನಿರ್ವಹಣೆಗೆ ಬದಲಾದರೂ ಅದೇ ಕಡಿಮೆ ತೆರಿಗೆ ಉಳಿಯುತ್ತದೆ. ಅದಕ್ಕೆ ಏಳು ಬಗೆಯ ಕೆಲಸಗಳಲ್ಲಿ ಕನಿಷ್ಠ ಮೂರನ್ನು ಮಾಡಬೇಕು. ಹೆಚ್ಚುವರಿ ಆಹಾರ ಒದಗಿಸುವುದು ಆ ಏಳರಲ್ಲಿ ಒಂದು. ಹೀಗೆ ನಮ್ಮ ನೆಲದಲ್ಲಿ ಹಸುವೂ ಜಿಂಕೆಯೂ ಒಂದೇ ಕಾಳಿಗೆ ಬಾಯಿ ಹಾಕುವಂತಾಯಿತು.

ಬೇಲಿ ಆಯ್ಕೆ ಮಾಡುವಾಗ ಹೆಚ್ಚಿನವರು ಎತ್ತರವೊಂದನ್ನೇ ಕೇಳುತ್ತಾರೆ. ನಾನು ಎರಡು ಪ್ರಾಣಿಗಳ ಮೈಕಟ್ಟಿನಿಂದ ಶುರು ಮಾಡುತ್ತೇನೆ. 500 ಕಿಲೋ ಮೀರಿದ ಹಸು ಎದೆ ಕೊಟ್ಟು ತಳ್ಳುತ್ತದೆ, ಕತ್ತು ಚಾಚುತ್ತದೆ, ತುರಿಕೆಯಾದರೆ ಕಂಬಕ್ಕೆ ಉಜ್ಜುತ್ತದೆ; ಆದರೆ ನೆಗೆಯುವ ಗೋಜಿಗೆ ಸಾಮಾನ್ಯವಾಗಿ ಹೋಗುವುದಿಲ್ಲ. ಬಿಳಿಬಾಲದ ಜಿಂಕೆ ಯಾವುದನ್ನೂ ತಳ್ಳುವುದಿಲ್ಲ. ಅದನ್ನು ಪೂರ್ತಿ ತಡೆಯಬೇಕೆಂದವರು ಇಲ್ಲಿ 8 ಅಡಿ ಬೇಲಿ ಹಾಕುತ್ತಾರೆ, ಅಷ್ಟು ನೆಗೆತ ಅದಕ್ಕಿದೆ. ಹಾಗಿದ್ದರೂ ದಾರಿ ಸಿಕ್ಕರೆ ತಂತಿಯ ಕೆಳಗೆ ನುಸುಳುವುದನ್ನೇ ಅದು ಇಷ್ಟಪಡುತ್ತದೆ. ಅದಕ್ಕಿರುವ ದೊಡ್ಡ ಭಯ ಇಕ್ಕಟ್ಟಿನದು: ಒಳಗೆ ಹೋದರೆ ಓಡಿ ನೆಗೆದು ಹೊರಬರಲು ಜಾಗವಿದೆಯೇ ಎಂದು ನೋಡಿಕೊಂಡೇ ಕಾಲಿಡುತ್ತದೆ. ಹಸುವಿನ ಎದೆಗೆ ಅಡ್ಡ ಬರಬೇಕು, ಜಿಂಕೆಯ ಕಣ್ಣಿಗೆ ಬೋನಿನಂತೆ ಕಾಣಬಾರದು. ಮುಂದೆ ಹೇಳುವ ಪ್ರತಿಯೊಂದು ಬೇಲಿಯನ್ನೂ ಈ ಎರಡು ಮಾತಿನಲ್ಲೇ ತೂಗಿದ್ದೇನೆ.

ಮೊದಲು ನಿಮ್ಮ ಫೀಡರ್ ಯಾವುದು ನೋಡಿ

ಬ್ಯಾಟರಿ ಮತ್ತು ಟೈಮರ್ ಇರುವ, ಕಾಳನ್ನು ಸುತ್ತಲೂ ಎರಚುವ ಫೀಡರ್ ದಿನಕ್ಕೆ ಕೆಲವೇ ಸೆಕೆಂಡು ತಿರುಗುತ್ತದೆ. ಹೊರಗೆ ಬೀಳುವುದು ಕೆಲವು ಕಿಲೋ ಕಾಳು. ಹತ್ತು ಹಸುಗಳು ಅದನ್ನು ತಿಂದರೆ ನಿಮಗೆ ಹಣದ ನಷ್ಟ, ಜಿಂಕೆಗೆ ಉಪವಾಸ; ಹಸುವಿನ ಪ್ರಾಣಕ್ಕೆ ಅಪಾಯ ಕಡಿಮೆ.

ಕೊಳವೆಗಳ ಮೂಲಕ ಕಾಳು ಅಥವಾ ಪ್ರೋಟೀನ್ ಉಂಡೆ ತಾನಾಗಿ ಇಳಿಯುವ ದೊಡ್ಡ ಫೀಡರ್‌ನ ಕತೆ ಬೇರೆ. ಅದರಲ್ಲಿ ನೂರಾರು ಕಿಲೋ ಮೇವು ಇರುತ್ತದೆ. ಹಸು ಅದನ್ನು ಉರುಳಿಸಿದರೆ, ಇಲ್ಲವೇ ಕೊಳವೆಯನ್ನು ಕಿತ್ತರೆ, ಒಂದೇ ರಾತ್ರಿಯಲ್ಲಿ ಹೊಟ್ಟೆ ಬಿರಿಯುವಷ್ಟು ತಿನ್ನುತ್ತದೆ. ಹುಲ್ಲು ಮೆಲುಕು ಹಾಕಿಕೊಂಡಿರುವ ದನದ ಹೊಟ್ಟೆಗೆ ಇದ್ದಕ್ಕಿದ್ದಂತೆ ರಾಶಿ ಕಾಳು ಬಿದ್ದರೆ ಪಿಷ್ಟ ಬೇಗನೆ ಹುಳಿಯಾಗಿ ಆಮ್ಲ ಏರುತ್ತದೆ. ಪಶುವೈದ್ಯರು ಇದನ್ನು ಅಸಿಡೋಸಿಸ್ ಎನ್ನುತ್ತಾರೆ. ದನ ಮಂಕಾಗುತ್ತದೆ, ಮೆಲುಕು ನಿಲ್ಲಿಸುತ್ತದೆ, ನೀರಾಗಿ ಸಗಣಿ ಹಾಕುತ್ತದೆ, ಎಡಪಕ್ಕೆ ಉಬ್ಬಬಹುದು, ಮಲಗಿದರೆ ಏಳುವುದಿಲ್ಲ. ಬದುಕಿ ಉಳಿದ ದನವೂ ಗೊರಸಿನೊಳಗೆ ಊತ ಬಂದು ಕುಂಟಬಹುದು. ಹೀಗೆ ಕಂಡ ತಕ್ಷಣ ವೈದ್ಯರಿಗೆ ಫೋನ್ ಮಾಡಿ. ಬೆಳಗಾಗಲಿ ನೋಡೋಣ ಎನ್ನಬೇಡಿ.

ಆದ್ದರಿಂದ ನನ್ನ ಮಾತು ಇಷ್ಟು: ಎರಚುವ ಫೀಡರ್ ಇದ್ದರೆ ಹಗುರವಾದ ಬೇಲಿಯೂ ನಡೆಯುತ್ತದೆ, ಆದರೆ ಅಗಲ ಹೆಚ್ಚು ಬೇಕು. ತಾನಾಗಿ ಇಳಿಯುವ ಫೀಡರ್ ಇದ್ದರೆ ಅಗಲ ತುಸು ಕಡಿಮೆಯಾದರೂ ಸರಿ, ಬೇಲಿ ಮಾತ್ರ ಕಬ್ಬಿಣದ್ದೇ ಆಗಿರಬೇಕು.

ಫೀಡರ್ ಅನ್ನು ಮರಕ್ಕೆ ಎತ್ತರದಲ್ಲಿ ತೂಗುಹಾಕಿದರೆ ಸಾಕು ಎನ್ನುವವರಿದ್ದಾರೆ. ಅದರಿಂದ ಉಳಿಯುವುದು ಯಂತ್ರ. ಕಾಳು ನೆಲಕ್ಕೇ ಬೀಳುತ್ತದೆ, ನೆಲದಲ್ಲಿ ದನ ಕಾದಿರುತ್ತದೆ. ಜೋಳದ ಬದಲು ಹತ್ತಿಬೀಜ ಇಡಿ ಎಂಬ ಸಲಹೆಯೂ ಬರುತ್ತದೆ. ಕಾಡುಹಂದಿಗೆ ಹತ್ತಿಬೀಜ ರುಚಿಸದು ಎಂಬುದು ಆ ಸಲಹೆಯ ಮೂಲ. ಹತ್ತಿಬೀಜವನ್ನು ಹಸುಗಳು ಎಷ್ಟು ಆಸೆಯಿಂದ ತಿನ್ನುತ್ತವೆ ಎಂಬುದನ್ನು ಉತ್ತರ ಕರ್ನಾಟಕದ ಯಾವ ರೈತರ ಮನೆಯಲ್ಲಾದರೂ ಕೇಳಿ.

ಬೇಲಿಗಳು, ಒಂದೊಂದಾಗಿ

ಹಂದಿ ಪ್ಯಾನೆಲ್. ಇದು 16 ಅಡಿ ಉದ್ದ, 34 ಅಂಗುಲ ಎತ್ತರದ ಬೆಸುಗೆ ಹಾಕಿದ ಗಟ್ಟಿ ತಂತಿಯ ಚೌಕಟ್ಟು. ಅಂಗಡಿಯಲ್ಲಿ ಜಿಂಕೆ ಫೀಡರ್‌ಗೆ ಬೇಲಿ ಎಂದರೆ ಮೊದಲು ತೋರಿಸುವುದು ಇದನ್ನೇ, ಏಕೆಂದರೆ ಇಲ್ಲಿ ಹೆಚ್ಚಿನವರ ತಲೆನೋವು ಕಾಡುಹಂದಿ. ಜಿಂಕೆ ಇದನ್ನು ಸಲೀಸಾಗಿ ದಾಟುತ್ತದೆ. ಆದರೆ ಹಸುವಿಗೆ ಇದು ಎದೆಯ ಮಟ್ಟಕ್ಕೂ ಸರಿಯಾಗಿ ಬರುವುದಿಲ್ಲ. ಅದು ಕತ್ತನ್ನು ಮೇಲಿನಿಂದ ಚಾಚಿ, ಸಿಕ್ಕಷ್ಟು ತಿಂದು, ಸಿಗದ್ದಕ್ಕಾಗಿ ಎದೆಯಿಂದ ಒತ್ತುತ್ತದೆ. ನಮ್ಮ ಮೊದಲ ಬೇಲಿ ಇದೇ ಆಗಿತ್ತು. ಎರಡು ತಿಂಗಳಲ್ಲಿ ಎರಡು ಪ್ಯಾನೆಲ್‌ಗಳು ಹಾಸಿಗೆಯಂತೆ ಬಾಗಿದವು. ಕಿತ್ತದ್ದು ಇದನ್ನೇ. ಈಗಾಗಲೇ ನಿಮ್ಮಲ್ಲಿ ಇದಿದ್ದರೆ ಎಸೆಯಬೇಡಿ. ಟಿ-ಪೋಸ್ಟ್ ಎನ್ನುವ ಕಬ್ಬಿಣದ ಬೇಲಿಗೂಟಗಳನ್ನು ಹತ್ತಿರ ಹತ್ತಿರ ನೆಟ್ಟು, ಪ್ಯಾನೆಲ್‌ನ ಮೇಲೆ, ತುಸು ಹೊರಚಾಚಿದಂತೆ ಒಂದು ವಿದ್ಯುತ್ ತಂತಿ ಎಳೆದರೆ ಹಸು ಒತ್ತುವುದನ್ನು ಬಿಡುತ್ತದೆ.

ದನದ ಪ್ಯಾನೆಲ್. ಉದ್ದ ಅದೇ 16 ಅಡಿ, ಎತ್ತರ 50 ಅಂಗುಲ. ನಾನು ಉಳಿಸಿಕೊಂಡ ಬೇಲಿ ಇದು. ಹಸುವಿನ ಕತ್ತು ಮೇಲಿನಿಂದ ನೆಲಕ್ಕೆ ತಲುಪುವುದಿಲ್ಲ, ಎದೆ ಕೊಟ್ಟರೆ ಗಟ್ಟಿ ಸರಳು ತಾಗುತ್ತದೆ, ದೊಡ್ಡ ಹಂದಿಯೂ ಹೊರಗೇ ಉಳಿಯುತ್ತದೆ. ಬೆಳೆದ ಜಿಂಕೆಗೆ 50 ಅಂಗುಲ ದೊಡ್ಡದಲ್ಲ. ಇದರ ದೋಷ ಮರಿಗಳ ವಿಷಯದಲ್ಲಿದೆ. ನಮ್ಮ ಲಾನೋ ಸೇರಿರುವ ಮಧ್ಯ ಟೆಕ್ಸಾಸ್‌ನ ಗುಡ್ಡಸೀಮೆ ಹಿಲ್ ಕಂಟ್ರಿಯಲ್ಲಿ ಜಿಂಕೆ ಮರಿ ಹಾಕುವುದು ಹೆಚ್ಚಾಗಿ ಮೇ, ಜೂನ್‌ನಲ್ಲಿ. ಬೇಸಿಗೆಯಲ್ಲಿ ತಾಯಿ ಒಳಗೆ ನೆಗೆದರೆ ಮರಿ ಹೊರಗೆ ನಿಂತು ಬೇಲಿಯ ಉದ್ದಕ್ಕೂ ಓಡಾಡುವುದನ್ನು ಕ್ಯಾಮೆರಾದಲ್ಲಿ ನೋಡಿ ನನ್ನ ಹೆಂಡತಿ ಬಹಳ ಬೇಸರಪಟ್ಟಳು. ಅಂದಿನಿಂದ ನಾವು ಜೂನ್‌ನಿಂದ ಆಗಸ್ಟ್‌ವರೆಗೆ ಫೀಡರ್ ನಿಲ್ಲಿಸುತ್ತೇವೆ. ನವೆಂಬರ್‌ನಲ್ಲಿ ಅದೇ ಮರಿಗಳು ತಾಯಿಯ ಹಿಂದೆಯೇ ನೆಗೆಯುತ್ತವೆ.

ಮುಳ್ಳುತಂತಿ. ಟೆಕ್ಸಾಸ್‌ನ ಇತಿಹಾಸವೇ ಈ ತಂತಿಯಲ್ಲಿದೆ. 1874ರಲ್ಲಿ ಜೋಸೆಫ್ ಗ್ಲಿಡನ್‌ಗೆ ಪೇಟೆಂಟ್ ಸಿಕ್ಕಿ ಹತ್ತು ವರ್ಷ ಕಳೆಯುವಷ್ಟರಲ್ಲಿ ಇಲ್ಲಿ ದನ ಸಾಕುವವರು ಒಬ್ಬರ ಬೇಲಿಯನ್ನು ಇನ್ನೊಬ್ಬರು ರಾತ್ರೋರಾತ್ರಿ ಕತ್ತರಿಸುತ್ತಿದ್ದರು; 1884ರಲ್ಲಿ ಬೇಲಿ ಕತ್ತರಿಸುವುದನ್ನು ಘೋರ ಅಪರಾಧವೆಂದು ಕಾನೂನು ಮಾಡಬೇಕಾಯಿತು. ನೆಲದ ಗಡಿಗೆ ಇದು ಇಂದಿಗೂ ಒಳ್ಳೆಯ ಬೇಲಿ. ಫೀಡರ್ ಸುತ್ತ ಮಾತ್ರ ನಾನು ಬೇಡವೆನ್ನುತ್ತೇನೆ. ಜಿಂಕೆ ನೆಗೆಯುವಾಗ ಹಿಂಗಾಲು ಮೇಲಿನ ಎರಡು ತಂತಿಗಳ ನಡುವೆ ಸಿಕ್ಕಿಕೊಂಡರೆ ತಂತಿ ಹುರಿಯಂತೆ ಸುತ್ತಿಕೊಳ್ಳುತ್ತದೆ, ಪ್ರಾಣಿ ತಲೆಕೆಳಗಾಗಿ ನೇತಾಡಿ ಸಾಯುತ್ತದೆ. ನಮ್ಮ ಗಡಿಬೇಲಿಯಲ್ಲಿ ಒಮ್ಮೆ ಹಾಗೆ ಸಿಕ್ಕ ಹೆಣ್ಣುಜಿಂಕೆಯನ್ನು ನಾನೇ ಬಿಡಿಸಿದ್ದೇನೆ, ಅದು ಉಳಿಯಲಿಲ್ಲ. ದಿನಕ್ಕೆ ಎರಡು ಸಲ ಜಿಂಕೆಯನ್ನು ನಾವೇ ಕರೆದು ಅದೇ ತಂತಿಯ ಮೇಲೆ ನೆಗೆಸುವುದು ಸರಿಯಲ್ಲ. ಬೇರೆ ದಾರಿಯೇ ಇಲ್ಲವೆಂದರೆ ಮೇಲಿನ ತಂತಿ 42 ಅಂಗುಲ ಮೀರಬಾರದು, ಅದಕ್ಕೂ ಎರಡನೆಯದಕ್ಕೂ ಕನಿಷ್ಠ 12 ಅಂಗುಲ ಅಂತರವಿರಬೇಕು, ಕೆಳಗಿನ ತಂತಿ ಮುಳ್ಳಿಲ್ಲದ್ದಾಗಿ ನೆಲದಿಂದ 16–18 ಅಂಗುಲ ಮೇಲಿರಬೇಕು. ಆ ಸಂದಿಯಲ್ಲಿ ಜಿಂಕೆ ನುಸುಳುತ್ತದೆ. ಎಳೆಗರುವೂ ನುಸುಳುತ್ತದೆ ಎಂಬುದು ನೆನಪಿರಲಿ.

ವಿದ್ಯುತ್ ಬೇಲಿ. ಮಲೆನಾಡಿನಲ್ಲಿ ಆನೆ ಬಾರದಂತೆ ಹಾಕುವ ಸೋಲಾರ್ ಬೇಲಿಯ ಚಿಕ್ಕ ತಂಗಿ ಇದು. ಸುಮಾರು 34 ಅಂಗುಲ ಎತ್ತರದಲ್ಲಿ ಒಂದೇ ತಂತಿ ಸಾಕು: ಹಸುವಿನ ಮೂತಿ ಮೊದಲು ತಾಗುವುದು ಅಲ್ಲೇ, ಜಿಂಕೆ ಅದರ ಕೆಳಗೆ ತಲೆ ತಗ್ಗಿಸಿ ಹೋಗುತ್ತದೆ ಅಥವಾ ಹಾರುತ್ತದೆ, ಮರಿಗಳೂ ಹೋಗುತ್ತವೆ. ಖರ್ಚು ಎಲ್ಲಕ್ಕಿಂತ ಕಡಿಮೆ, ಎಷ್ಟು ಅಗಲ ಬೇಕಾದರೂ ಹಾಕಬಹುದು, ಜಾಗ ಬದಲಿಸುವುದು ಅರ್ಧ ದಿನದ ಕೆಲಸ. ಜಿಂಕೆಯ ದೃಷ್ಟಿಯಿಂದ ನೋಡಿದರೆ ಇದಕ್ಕಿಂತ ಒಳ್ಳೆಯದು ಇಲ್ಲ.

ಆದರೂ ನಾನು ಇದನ್ನು ಎರಡನೆಯ ಸ್ಥಾನದಲ್ಲಿ ಇಡುತ್ತೇನೆ, ಕಾರಣ ನೆಲ. ಹಿಲ್ ಕಂಟ್ರಿಯ ಬಹುಭಾಗ ಸುಣ್ಣಕಲ್ಲಿನ ಮೇಲೆ ತೆಳುವಾದ ಮಣ್ಣು. ನಮ್ಮ ಲಾನೋದಲ್ಲಿ ಗ್ರಾನೈಟ್. ಶಾಕ್ ತಗಲಬೇಕಾದರೆ ವಿದ್ಯುತ್ತು ಹಸುವಿನ ಮೈಯಿಂದ ನೆಲಕ್ಕಿಳಿದು, ಬೇಲಿಗೆ ವಿದ್ಯುತ್ತು ಕೊಡುವ ಯಂತ್ರಕ್ಕೆ ಮರಳಬೇಕು. ಬೇಸಿಗೆಯಲ್ಲಿ ಮಣ್ಣು ಒಣಗಿ ಪುಡಿಯಾದಾಗ ಆ ದಾರಿ ಕಡಿದುಹೋಗುತ್ತದೆ, ಆರು ಅಡಿಯ ಅರ್ತಿಂಗ್ ಸರಳನ್ನು ಬಂಡೆಗೆ ಇಳಿಸಲೂ ಆಗುವುದಿಲ್ಲ. ಆಗ ವಿದ್ಯುತ್ತು ಹರಿಯುವ ತಂತಿಯ ಜೊತೆಗೆ ಯಂತ್ರದ ಅರ್ತಿಂಗ್‌ಗೆ ಜೋಡಿಸಿದ ಇನ್ನೊಂದು ತಂತಿಯನ್ನು ಸಮಾನಾಂತರವಾಗಿ ಎಳೆಯಬೇಕು. ಹಸು ಎರಡನ್ನೂ ಮುಟ್ಟಿದರೆ ಸುತ್ತು ಪೂರ್ಣವಾಗುತ್ತದೆ. ಮೀಟರ್‌ನಲ್ಲಿ 3,000 ವೋಲ್ಟ್‌ಗಿಂತ ಕಡಿಮೆ ಕಂಡರೆ ಅದು ಬೇಲಿಯಲ್ಲ, ಬರಿಯ ದಾರ. ಹುಲ್ಲು ಬೆಳೆದು ತಂತಿಗೆ ತಾಗಬಾರದು, ಸೋಲಾರ್ ಹಲಗೆಯ ಮೇಲೆ ಧೂಳು ಕೂರಬಾರದು. ವಾರಕ್ಕೊಮ್ಮೆ ಬಂದು ನೋಡುವವರಿಗೆ ಇದು ಆಗುತ್ತದೆ. ಹಂದಿಯನ್ನೂ ತಡೆಯಬೇಕೆಂದರೆ ನೆಲಕ್ಕೆ ಹತ್ತಿರ ಇನ್ನೊಂದು ತಂತಿ ಬೇಕು; ಅದಕ್ಕೆ ಮೊದಲ ಮಳೆಗೇ ಕಳೆ ತಾಗುತ್ತದೆ.

ಕಬ್ಬಿಣದ ಪೈಪ್ ಬೇಲಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಸು, ಹೋರಿ, ಟ್ರ್ಯಾಕ್ಟರ್ ಯಾವುದಕ್ಕೂ ಅದು ಬಗ್ಗದು. ನೆಲದ ಮಾಲೀಕರಾಗಿದ್ದು, ಫೀಡರ್ ಜಾಗ ಇನ್ನು ಬದಲಾಗುವುದಿಲ್ಲ ಎಂದು ಖಚಿತವಿದ್ದರೆ ಕಟ್ಟಿಸಿ. ಗುತ್ತಿಗೆಯಲ್ಲಿರುವವರು ಬೇರೆಯವರ ನೆಲದಲ್ಲಿ ಅಷ್ಟು ಹಣ ಹೂಳಬಾರದು.

ಅಗಲದ ಲೆಕ್ಕ

ನಮ್ಮ ಎರಡನೆಯ ತಪ್ಪು ಇಲ್ಲಿ ಆಯಿತು. ದನದ ಪ್ಯಾನೆಲ್ ತಂದರೂ ಆರನ್ನೇ ತಂದೆವು. ಆರು ಪ್ಯಾನೆಲ್ ಎಂದರೆ ಸುತ್ತಳತೆ 96 ಅಡಿ, ಅಡ್ಡಳತೆ 30 ಅಡಿ. ನಮ್ಮ ಫೀಡರ್ ಸುತ್ತಲೂ 25 ಅಡಿ ದೂರ ಎರಚುತ್ತದೆ. ಬೇಲಿ ಇದ್ದದ್ದು ಫೀಡರ್‌ನಿಂದ 15 ಅಡಿಯಲ್ಲಿ. ಕಾಳಿನ ದೊಡ್ಡ ಪಾಲು ಸರಳುಗಳ ನಡುವಿನಿಂದ ಹಾರಿ ಹೊರಗೆ ಬಿತ್ತು. ಹಸುಗಳು ಬೇಲಿಯ ಸುತ್ತ ಸಾಲಾಗಿ ನಿಂತು ನೆಮ್ಮದಿಯಿಂದ ತಿಂದವು. ಜಿಂಕೆಗಳಂತೂ ಆ ಇಕ್ಕಟ್ಟಿನೊಳಗೆ ಕಾಲಿಡಲೇ ಇಲ್ಲ.

ಹತ್ತು ಪ್ಯಾನೆಲ್‌ಗಳಿಂದ 51 ಅಡಿ ಅಡ್ಡಳತೆ ಬರುತ್ತದೆ, ಹನ್ನೆರಡರಿಂದ 61 ಅಡಿ. ಎರಚುವ ಫೀಡರ್‌ಗೆ ನಾನು ಹನ್ನೆರಡಕ್ಕಿಂತ ಕಡಿಮೆ ಹೇಳುವುದಿಲ್ಲ. ಪ್ಯಾನೆಲ್‌ಗೆ ಎರಡರಂತೆ 24 ಟಿ-ಪೋಸ್ಟ್ ಬೇಕು. ಅಷ್ಟು ಹಣವಿಲ್ಲದಿದ್ದರೆ ಚಿಕ್ಕ ಬೇಲಿ ಕಟ್ಟುವ ಬದಲು ಕಾಳು ಹತ್ತಿರ ಬೀಳುವಂತೆ ಫೀಡರ್‌ನ ವೇಗ ತಗ್ಗಿಸಿ, ಹತ್ತು ಪ್ಯಾನೆಲ್ ಹಾಕಿ. ಒಂದು ಪ್ಯಾನೆಲ್ ಅನ್ನು ಸರಪಳಿಯಿಂದ ಬಾಗಿಲಿನಂತೆ ಕಟ್ಟಿಡಿ. ಇಲ್ಲದಿದ್ದರೆ 50 ಪೌಂಡಿನ ಚೀಲಗಳನ್ನು ಬೇಲಿಯ ಮೇಲಿನಿಂದ ಎತ್ತಿ ಇಳಿಸಬೇಕಾಗುತ್ತದೆ.

ಜಾಗದ ವಿಷಯ: ದನ ನೀರು ಕುಡಿಯುವ ತೊಟ್ಟಿ, ಉಪ್ಪಿನ ಗಡ್ಡೆ, ಮಧ್ಯಾಹ್ನ ಮಲಗುವ ನೆರಳು, ಈ ಮೂರರಿಂದಲೂ ದೂರವಿರಲಿ. ಅಲ್ಲಿ ಹೊತ್ತು ಕಳೆಯುವ ಹಸು ಬೇಸರಕ್ಕಾದರೂ ಬೇಲಿಗೆ ಬೆನ್ನು ಉಜ್ಜುತ್ತದೆ.

ಬೇಲಿಯನ್ನೇ ಹಾಕದ ದಾರಿಗಳು

ದನವನ್ನು ಸರದಿಯಲ್ಲಿ ಮೇಯಿಸುವ ಜಮೀನಾದರೆ ಎಲ್ಲಕ್ಕಿಂತ ಸುಲಭದ ದಾರಿ ಒಂದಿದೆ. ಇಲ್ಲಿ ಜಿಂಕೆ ಬೇಟೆಯ ಮುಖ್ಯ ಋತು ನವೆಂಬರ್‌ನ ಮೊದಲ ಶನಿವಾರ ಆರಂಭವಾಗುತ್ತದೆ. ಫೀಡರ್ ಇರುವ ತುಂಡಿನಿಂದ ದನವನ್ನು ಅಕ್ಟೋಬರ್‌ಗೆ ಮೊದಲೇ ಬೇರೆ ತುಂಡಿಗೆ ಸಾಗಿಸಿ, ಜನವರಿಯ ನಂತರ ಮರಳಿ ತಂದರೆ ಒಂದು ಗೂಟವನ್ನೂ ನೆಡಬೇಕಾಗಿಲ್ಲ. ಆ ಹೊತ್ತಿಗೆ ಹುಲ್ಲಿಗೂ ವಿಶ್ರಾಂತಿ ಸಿಕ್ಕಿರುತ್ತದೆ. ಬೇಟೆಗಾರರೊಂದಿಗೆ ಜಮೀನು ಹಂಚಿಕೊಂಡವರಿಗೆ ನಾನು ಮೊದಲು ಕೇಳುವ ಪ್ರಶ್ನೆ ಇದು: ನಿಮ್ಮಲ್ಲಿ ಎರಡನೆಯ ಹುಲ್ಲುಗಾವಲು ಇದೆಯೇ? ಇದ್ದರೆ ಬೇಲಿಯ ಹಣವನ್ನು ಉಳಿಸಿ.

ಫೀಡರ್ ಬೇಕೇ ಎಂಬ ಪ್ರಶ್ನೆಯನ್ನೂ ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು. ಹಸು ಮುಖ್ಯವಾಗಿ ಹುಲ್ಲು ತಿನ್ನುತ್ತದೆ. ಜಿಂಕೆ ಹುಲ್ಲನ್ನು ಕಡಿಮೆ ತಿಂದು ಅಗಲ ಎಲೆಯ ಗಿಡ, ಪೊದೆಯ ಚಿಗುರು, ಓಕ್ ಮರದ ಕಾಯಿಗಳಿಂದ ಬದುಕುತ್ತದೆ. ದನ ಅಳತೆ ಮೀರದಿದ್ದರೆ ಎರಡಕ್ಕೂ ಒಂದೇ ನೆಲದಲ್ಲಿ ಊಟವಿದೆ, ಜಗಳ ಹುಟ್ಟುವುದು ನಾವು ಕಾಳು ತಂದು ಸುರಿದಾಗ. ರೋಗದ ಭಯವೂ ಇದೆ. ಮಿಚಿಗನ್‌ನ ಈಶಾನ್ಯ ಭಾಗದಲ್ಲಿ 1994ರಲ್ಲಿ ಬೇಟೆಯಾದ ಜಿಂಕೆಯೊಂದರಲ್ಲಿ ದನದ ಕ್ಷಯ ಕಂಡ ಮೇಲೆ, ಜಿಂಕೆ ಮತ್ತು ದನ ಒಂದೇ ಮೇವಿಗೆ ಬಾಯಿ ಹಾಕುವುದೇ ಹರಡುವಿಕೆಯ ದಾರಿಗಳಲ್ಲಿ ಒಂದೆಂದು ತಿಳಿದು, ಅಲ್ಲಿ ಜಿಂಕೆಗೆ ಮೇವು ಹಾಕುವುದನ್ನು ನಿಷೇಧಿಸಿದರು. ಟೆಕ್ಸಾಸ್‌ನಲ್ಲಿ ಜಿಂಕೆಗಳನ್ನು ಸೊರಗಿಸಿ ಕೊಲ್ಲುವ ಕ್ರಾನಿಕ್ ವೇಸ್ಟಿಂಗ್ ರೋಗ 2012ರಿಂದ ಕಾಣಿಸಿಕೊಂಡಿದೆ. ಹತ್ತಾರು ಜಿಂಕೆಗಳು ಒಂದೇ ಕೊಳವೆ ನೆಕ್ಕುವ ಜಾಗ ಅದಕ್ಕೆ ಅನುಕೂಲ. ಮೆಕ್ಸಿಕೋ ಗಡಿಯ ರಿಯೋ ಗ್ರಾಂಡೆ ನದಿಯ ಅಂಚಿನಲ್ಲಿ, ದನದ ರಕ್ತ ಹೀರಿ ಜ್ವರ ಹರಡುವ ಉಣ್ಣೆಹುಳ (ಉಣುಗು) ಹಬ್ಬದಂತೆ ಮಾಡಿದ ನಿರ್ಬಂಧ ವಲಯದಲ್ಲಿ, ಆ ಹುಳ ಸಾಯಲೆಂದು ಜಿಂಕೆಗಳಿಗೆ ಔಷಧಿ ಬೆರೆಸಿದ ಜೋಳ ಇಡುತ್ತಾರೆ; ಅಂಥ ಫೀಡರ್‌ಗೆ ದನ ಮುಟ್ಟದಂತೆ ಭದ್ರ ಬೇಲಿ ಬೇಕೇ ಬೇಕು.

ನಾವು ಫೀಡರ್ ಉಳಿಸಿಕೊಂಡಿದ್ದೇವೆ, ಆದರೆ ಒಂದೇ. ಎರಡನೆಯದು ಬೇಕೆಂದು ಮಕ್ಕಳು ಹಟ ಹಿಡಿದಾಗ ಆ ಹಣದಲ್ಲಿ ನೀರಿನ ತೊಟ್ಟಿ ಇಟ್ಟೆವು. ಹೆಚ್ಚುವರಿ ನೀರು ಒದಗಿಸುವುದೂ ಆ ಏಳು ಕೆಲಸಗಳಲ್ಲಿ ಸೇರಿದೆ, ನೀರಿಗಾಗಿ ದನ ಮತ್ತು ಜಿಂಕೆ ಜಗಳವಾಡುವುದನ್ನು ನಾನು ಕಂಡಿಲ್ಲ.

ನಿಮಗೆ ಯಾವುದು?

ವಾರಕ್ಕೊಮ್ಮೆ ಜಮೀನಿಗೆ ಹೋಗುವವರು, ಗುತ್ತಿಗೆ ಒಂದೆರಡು ವರ್ಷದ್ದು, ಹಂದಿ ಕಾಟ ಕಡಿಮೆ: ವಿದ್ಯುತ್ ತಂತಿ. ತಿಂಗಳಿಗೊಮ್ಮೆ ಹೋಗುವವರು, ಹಂದಿಯೂ ಇದೆ: ದನದ ಪ್ಯಾನೆಲ್, ಹನ್ನೆರಡು. ತಾನಾಗಿ ಇಳಿಯುವ ದೊಡ್ಡ ಫೀಡರ್: ದನದ ಪ್ಯಾನೆಲ್ ಅಥವಾ ಪೈಪ್, ಬೇರೆ ಯಾವುದೂ ಬೇಡ. ವರ್ಷಕ್ಕೆ ಮೂರು ನಾಲ್ಕು ಸಲ ಮಾತ್ರ ಹೋಗುವವರು ಫೀಡರ್ ಇಡಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಬೇಲಿ ಮುರಿದು ಹಸು ಒಳಗೆ ಬಿದ್ದರೆ ನೋಡುವವರು ಯಾರು?

ಯಾವ ಬೇಲಿಯಾದರೂ ಅದರ ಬಲ ಹೊರಗಿನ ಹುಲ್ಲಿನ ಮೇಲೆ ನಿಂತಿದೆ. 2011ರ ಬರದಂಥ ವರ್ಷದಲ್ಲಿ ನೆಲ ಬರಿದಾದಾಗ ಹಸಿದ ದನಕ್ಕೆ ಬೇಲಿಯ ಲೆಕ್ಕವಿರುವುದಿಲ್ಲ. ಹುಲ್ಲು ಕಣಕಾಲಿಗಿಂತ ಕೆಳಗೆ ಇಳಿದರೆ ಫೀಡರ್ ನಿಲ್ಲಿಸಿ, ದನದ ಮಾಲೀಕರಿಗೆ ಹೇಳಿ.

ಅವರೊಂದಿಗಿನ ಮಾತನ್ನು ಬೇಲಿಗಿಂತ ಮೊದಲೇ ಆಡಬೇಕಿತ್ತು. ನಾವು ಆಡಿರಲಿಲ್ಲ. ಬಗ್ಗಿದ ಫೀಡರ್ ಕಾಲನ್ನು ತೋರಿಸಲು ಹೋದಾಗ ಆ ಹಿರಿಯರು ಟೋಪಿ ತೆಗೆದು ನಿಧಾನವಾಗಿ ಹೇಳಿದರು: "ನನ್ನ ಹಸು ನಿಮ್ಮ ಜೋಳ ತಿಂದದ್ದು ನಿಮಗೆ ಕಂಡಿತು. ಅದು ಹೊಟ್ಟೆಯುಬ್ಬಿ ಸತ್ತಿದ್ದರೆ ನಾನು ಯಾರ ಬಾಗಿಲಿಗೆ ಬರಬೇಕಿತ್ತು?" ಈಗ ನಮ್ಮ ಗುತ್ತಿಗೆ ಕಾಗದದಲ್ಲಿ ನಾಲ್ಕು ಸಾಲುಗಳು ಹೆಚ್ಚಾಗಿವೆ. ಬೇಲಿಯ ಸಾಮಾನು ನಮ್ಮದು, ಕಟ್ಟುವ ಕೆಲಸದಲ್ಲಿ ಅವರ ಟ್ರ್ಯಾಕ್ಟರ್. ಫೀಡರ್ ತುಂಬುವ ದಿನ ಅವರಿಗೆ ಸಂದೇಶ ಕಳಿಸಬೇಕು. ದನ ಒಳಗಿರುವುದನ್ನು ಯಾರು ನೋಡಿದರೂ ಹೊರಗೆ ಅಟ್ಟಿ, ಫೀಡರ್ ನಿಲ್ಲಿಸಿ, ನಂತರ ಫೋನ್ ಮಾಡಬೇಕು. ಬೇಲಿಯ ದುರಸ್ತಿ ಪ್ರತಿ ಏಪ್ರಿಲ್‌ನಲ್ಲಿ, ದನ ಆಚೆಯ ತುಂಡಿನಲ್ಲಿರುವಾಗ.

ಹೊಸ ಬೇಲಿ ಕಟ್ಟುವುದಕ್ಕೂ ಅದೇ ಸಮಯ ಸರಿ. ಅಕ್ಟೋಬರ್‌ನಲ್ಲಿ ಕಟ್ಟಿದರೆ ಜಿಂಕೆ ವಾರಗಟ್ಟಲೆ ದೂರವೇ ಉಳಿಯುತ್ತದೆ. ವಸಂತದಲ್ಲಿ ಕಂಬ ನೆಟ್ಟು, ಎದುರುಬದುರಾಗಿ ಎರಡು ಪ್ಯಾನೆಲ್‌ಗಳ ಜಾಗವನ್ನು ತೆರೆದಿಡಿ. ಜಿಂಕೆಗಳು ಆ ಬಾಗಿಲುಗಳಲ್ಲಿ ಹೋಗಿ ಬರುವುದು ರೂಢಿಯಾದ ಮೇಲೆ ಒಂದನ್ನು ಮುಚ್ಚಿ, ಎರಡು ವಾರ ಬಿಟ್ಟು ಇನ್ನೊಂದನ್ನು ಮುಚ್ಚಿ. ದನ ಮರಳಿ ಬರುವುದು ಅದಾದ ಮೇಲೆ.